ಯಾವ ಗೇಮ್‌ನಲ್ಲಿ ಜೊತೆಗಾರರು ನಿಜವೆನಿಸುತ್ತಾರೆ? ಕೊಳ್ಳುವ ಮುನ್ನ ತೂಗಿ ನೋಡಲು

ಕಥೆ ಇರುವ ಗೇಮ್ ಬೇಕು, ಗುಂಡು ಹಾರಿಸುವುದಕ್ಕಿಂತ ಅದರೊಳಗಿನ ಜನ ಮುಖ್ಯ ಎಂದು ಯಾರಾದರೂ ಕೇಳಿದರೆ ಸಿಗುವ ಉತ್ತರ ಹೆಚ್ಚುಕಡಿಮೆ ಒಂದೇ: ಪ್ರಶಸ್ತಿ ಬಂದ ನಾಲ್ಕು ಹೆಸರು. ಅದನ್ನು ನಂಬಿ ‘ರೆಡ್ ಡೆಡ್ ರಿಡೆಂಪ್ಷನ್ 2’ ಕೊಂಡವರ ಲ್ಯಾಪ್‌ಟಾಪ್ ಅದನ್ನು ಎಳೆಯುವುದಿಲ್ಲ. ‘ಡಿಸ್ಕೋ ಎಲಿಸಿಯಂ’ ಕೊಂಡವರಿಗೆ ಅದರ ಇಂಗ್ಲಿಷ್ ಗಂಟಲಲ್ಲಿ ಇಳಿಯುವುದಿಲ್ಲ. ‘ಬಾಲ್ಡರ್ಸ್ ಗೇಟ್ 3’ ಕೊಂಡವರು ಹನ್ನೆರಡು ಗಂಟೆ ಆಡುವಷ್ಟರಲ್ಲಿ ಸುಸ್ತಾಗಿ ಬಿಟ್ಟಿರುತ್ತಾರೆ. ಗೇಮ್ ಕೆಟ್ಟದ್ದೆಂದಲ್ಲ, ಜೋಡಿ ಹೊಂದಲಿಲ್ಲ. ಸಂಬಂಧ ಕುದುರಿಸುವ ಮುನ್ನ ಎರಡೂ ಕಡೆ ವಿಚಾರಿಸುವುದು ನಮ್ಮಲ್ಲಿ ವಾಡಿಕೆ. ಇಲ್ಲೂ ಅದೇ ಕೆಲಸ.

ಅಳತೆಗೋಲು ಮೊದಲು

ಎರಡು ಪಾತ್ರಗಳ ನಡುವೆ ಏನೋ ಇದೆ ಎಂದು ಆಡುವವರಿಗೆ ಅನ್ನಿಸುವುದು ಅವರು ಆಡುವ ದೊಡ್ಡ ಮಾತುಗಳಿಂದಲ್ಲ. ಒಟ್ಟಿಗೆ ಮತ್ತೆ ಮತ್ತೆ ಮಾಡುವ ಸಣ್ಣ ಕೆಲಸದಿಂದ, ಅಂದರೆ ರೂಢಿಯಿಂದ. ‘ದಿ ಲಾಸ್ಟ್ ಆಫ್ ಅಸ್’ನಲ್ಲಿ ಎತ್ತರದ ಗೋಡೆ ಎದುರಾದಾಗಲೆಲ್ಲ ಒಂದು ಗುಂಡಿ ಒತ್ತಬೇಕು. ಜೋಯೆಲ್ ಬಗ್ಗಿ ಎರಡೂ ಕೈ ಜೋಡಿಸಿ ನಿಲ್ಲುತ್ತಾನೆ, ಹದಿನಾಲ್ಕರ ಹುಡುಗಿ ಎಲೀ ಓಡಿ ಬಂದು ಅದರ ಮೇಲೆ ಕಾಲಿಟ್ಟು ಹತ್ತುತ್ತಾಳೆ, ಮೇಲಿಂದ ಏಣಿ ಇಳಿಸುತ್ತಾಳೆ. ಮೊದಲ ಸಲ ಅದೊಂದು ಒಗಟು. ಐದನೇ ಸಲಕ್ಕೆ ಬೇಸರ. ಕೊನೆಯ ಭಾಗದಲ್ಲಿ ಹಾಗೆಯೇ ಗುಂಡಿ ಒತ್ತುತ್ತೀರಿ, ಜೋಯೆಲ್ ಕೈ ಜೋಡಿಸಿ ನಿಲ್ಲುತ್ತಾನೆ, ಎಲೀ ಬರುವುದೇ ಇಲ್ಲ. ತಿರುಗಿ ನೋಡಿದರೆ ದೂರದಲ್ಲಿ ಎಲ್ಲೋ ಮನಸ್ಸಿಟ್ಟು ಸುಮ್ಮನೆ ಕುಳಿತಿದ್ದಾಳೆ. ಯಾರೂ ಏನೂ ಹೇಳಿರುವುದಿಲ್ಲ. ಆದರೂ ಏನೋ ಸರಿಯಿಲ್ಲ ಎಂದು ಮೊದಲು ತಿಳಿಯುವುದು ನಿಮ್ಮ ಹೆಬ್ಬೆರಳಿಗೆ.

ಸಿನಿಮಾದಿಂದ ಆಗದ ಕೆಲಸ ಇದು. ಹಾಗಾಗಿ ಯಾವ ಗೇಮ್ ಮುಂದಿದ್ದರೂ ಮೊದಲು ನೋಡಬೇಕಾದ್ದು: ಇಬ್ಬರ ಒಡನಾಟ ನಿಮ್ಮ ಕೈಗೆ ಬರುತ್ತದೆಯೇ, ಅಥವಾ ನಡುನಡುವೆ ಬರುವ ದೃಶ್ಯಗಳಲ್ಲಿ ಕುಳಿತು ನೋಡುವುದಷ್ಟೆಯೇ?

ಎರಡನೆಯದು, ಎದುರಿನವರಿಗೆ ಸ್ವಂತ ಇಷ್ಟಾನಿಷ್ಟ ಇದೆಯೇ? ಉಡುಗೊರೆ ಕೊಟ್ಟಷ್ಟೂ ಒಲಿಯುವ ಪಾತ್ರ ಹುಂಡಿಯಿದ್ದ ಹಾಗೆ, ಹಾಕಿದ್ದನ್ನೆಲ್ಲ ನುಂಗುತ್ತದೆ. ಮುನಿಸಿಕೊಳ್ಳುವ, ಒಲ್ಲೆ ಎನ್ನುವ, ಬಿಟ್ಟೇ ಹೋಗುವ ಪಾತ್ರ ಬೇರೆ. ಮೂರನೆಯದು ನೆನಪು: ಮೊದಲ ದಿನ ಆಡಿದ ಮಾತು ಹತ್ತನೇ ದಿನ ತಿರುಗಿ ಬರುತ್ತದೆಯೇ? ನಾಲ್ಕನೆಯದು ಬಿಡುವು. ಕೆಲಸವಿಲ್ಲದೆ ಸುಮ್ಮನೆ ಜೊತೆಯಲ್ಲಿರುವ ಹೊತ್ತು ಗೇಮ್‌ನಲ್ಲಿ ಇರಬೇಕು.

ಇವು ಗೇಮ್ ಕಡೆಯ ವಿಚಾರಣೆ. ನಿಮ್ಮ ಕಡೆಯವು ಇಷ್ಟು: ಎಷ್ಟು ಗಂಟೆ ಕೊಡಬಲ್ಲಿರಿ, ಯಂತ್ರ ಯಾವುದು, ಇಂಗ್ಲಿಷ್ ಎಷ್ಟು ಸಲೀಸು, ಆಡುವುದು ನಡುಮನೆಯ ಟಿವಿಯಲ್ಲೋ ಕೋಣೆಯೊಳಗೋ. ಕನ್ನಡದ ಸಬ್‌ಟೈಟಲ್ ಸಿಗುವುದಿಲ್ಲವೆಂದೇ ಲೆಕ್ಕ ಹಾಕಿ. ಆದ್ದರಿಂದ ಭಾಷೆಯ ಭಾರವೂ ಹಣದಷ್ಟೇ ನಿಜವಾದ ಖರ್ಚು.

ಹಳೆಯ ಲ್ಯಾಪ್‌ಟಾಪ್, ಎರಡು ಸಂಜೆ

ಗ್ರಾಫಿಕ್ಸ್ ಕಾರ್ಡ್ ಬೇರೆ ಇಲ್ಲದ, 8 ಜಿಬಿ ರ‍್ಯಾಮ್‌ನ ಲ್ಯಾಪ್‌ಟಾಪ್ ಇರುವವರು ‘ಫೈರ್‌ವಾಚ್’ (2016) ಮತ್ತು ‘ಬ್ರದರ್ಸ್: ಎ ಟೇಲ್ ಆಫ್ ಟೂ ಸನ್ಸ್’ (2013) ನಡುವೆ ಆರಿಸಿದರೆ ಸಾಕು. ಎರಡೂ ಸಣ್ಣವು, ಎರಡೂ ಒಳ್ಳೆಯವು, ಆದರೆ ಹೋಗುವ ದಾರಿ ತದ್ವಿರುದ್ಧ. ಒಂದು ಪೂರ್ತಿ ಮಾತು, ಇನ್ನೊಂದರಲ್ಲಿ ಅರ್ಥವಾಗುವ ಒಂದು ಮಾತೂ ಇಲ್ಲ.

‘ಫೈರ್‌ವಾಚ್’ ನಡೆಯುವುದು ಅಮೆರಿಕದ ವಯೋಮಿಂಗ್‌ನ ಶೋಶೋನಿ ಅರಣ್ಯದಲ್ಲಿ, 1989ರ ಬೇಸಿಗೆಯಲ್ಲಿ. ಪಕ್ಕದ ಯೆಲ್ಲೋಸ್ಟೋನ್ ಹೊತ್ತಿ ಉರಿದ ಮರುವರ್ಷ ಅದು. ಹೆನ್ರಿಯದು ಕಾಡ್ಗಿಚ್ಚು ಕಾಯುವ ಕೆಲಸ. ಅವನ ಹೆಂಡತಿಗೆ ಚಿಕ್ಕ ವಯಸ್ಸಿಗೇ ಮರೆವಿನ ಕಾಯಿಲೆ. ಅದರಿಂದ ಓಡಿ ಬಂದವನು. ಇನ್ನೊಂದು ಗೋಪುರದಲ್ಲಿ ಡಿಲೈಲಾ. ಇಬ್ಬರ ನಡುವೆ ಇರುವುದು ವಾಕಿಟಾಕಿ ಮಾತ್ರ. ಅವಳು ಏನಾದರೂ ಕೇಳಿದಾಗ ಪರದೆಯ ಮೇಲೆ ಎರಡು-ಮೂರು ಉತ್ತರ ಬರುತ್ತವೆ, ಅವುಗಳ ಹೊತ್ತು ಕರಗುತ್ತಾ ಹೋಗುತ್ತದೆ. ಉತ್ತರಿಸದೆ ಬಿಟ್ಟರೆ ಆ ಮೌನವೂ ಉತ್ತರವೇ; ಅದಕ್ಕೂ ಅವಳು ಪ್ರತಿಕ್ರಿಯಿಸುತ್ತಾಳೆ. ಫೋನಿನ ಆಚೆ ತುದಿಯವರು ಒಂದು ಕ್ಷಣ ಸುಮ್ಮನಾದರೆ ಏನರ್ಥ ಎಂದು ಲೆಕ್ಕ ಹಾಕುವುದು ಎಲ್ಲರಿಗೂ ಗೊತ್ತಿರುವ ಸಂಕಟ. ಈ ಗೇಮ್ ನಿಂತಿರುವುದೇ ಅದರ ಮೇಲೆ.

ಇಲ್ಲಿ ಹೆಚ್ಚಿನವರು ಮಾಡುವ ತಪ್ಪು: ನಕಾಶೆ ಹಿಡಿದು ನೇರ ಗುರಿಯತ್ತ ನಡೆಯುವುದು. ದಾರಿಯಲ್ಲಿ ಕಾಣುವ ಸುಟ್ಟ ಮರ, ಬಿಸಾಡಿದ ಬಿಯರ್ ಡಬ್ಬಿ, ಹಳೆಯ ಪತ್ರದ ಪೆಟ್ಟಿಗೆ ಇವನ್ನೆಲ್ಲ ರೇಡಿಯೋದಲ್ಲಿ ಅವಳಿಗೆ ವರದಿ ಮಾಡಬಹುದು. ಮಾಡದಿದ್ದರೂ ಕಥೆ ಮುಂದೆ ಹೋಗುತ್ತದೆ, ಇಬ್ಬರ ಸಲಿಗೆ ಮಾತ್ರ ಬೆಳೆಯುವುದಿಲ್ಲ. ಆಮೇಲೆ ಕೊನೆಯಲ್ಲಿ ‘ಇಷ್ಟೇನಾ’ ಅನ್ನಿಸುತ್ತದೆ. ಪತ್ತೇದಾರಿ ರಹಸ್ಯ ಎಂದುಕೊಂಡು ಕೊಂಡವರಿಗಂತೂ ಮುಕ್ತಾಯ ನಿರಾಸೆಯೇ. ಒಟ್ಟು ನಾಲ್ಕೈದು ಗಂಟೆ, ಡಿಸ್ಕ್‌ನಲ್ಲಿ 4 ಜಿಬಿ ಜಾಗ. ಸಣ್ಣ ಲ್ಯಾಪ್‌ಟಾಪ್‌ನಲ್ಲಿ ರೆಸಲ್ಯೂಶನ್ 720ಕ್ಕೆ ಇಳಿಸಿ, ನೆರಳಿನ ಗುಣಮಟ್ಟ ತಗ್ಗಿಸಿ. ಕಿವಿಗೆ ಹೆಡ್‌ಫೋನ್ ಇರಲಿ. ಇಂಗ್ಲಿಷ್ ಆಡುಮಾತಿನದು, ಸಬ್‌ಟೈಟಲ್ ಹಾಕಿಕೊಂಡರೆ ಕಷ್ಟವಿಲ್ಲ. ಆದರೆ ಉತ್ತರ ಆರಿಸಲು ಹೊತ್ತು ಕಡಿಮೆ ಎಂಬುದು ನೆನಪಿರಲಿ.

‘ಬ್ರದರ್ಸ್’ನಲ್ಲಿ ಆ ಚಿಂತೆಯೇ ಇಲ್ಲ. ಅದರ ಪಾತ್ರಗಳು ಆಡುವುದು ಯಾವ ದೇಶದ್ದೂ ಅಲ್ಲದ, ಕಟ್ಟಿದ ಭಾಷೆ. ಎಲ್ಲರೂ ಸಮಾನ ಅನಕ್ಷರಸ್ಥರು. ಕಾಯಿಲೆ ಬಿದ್ದ ತಂದೆಗೆ ಮದ್ದು ತರಲು ಅಣ್ಣ-ತಮ್ಮ ಹೊರಡುತ್ತಾರೆ. ಕೈಯಲ್ಲಿ ಹಿಡಿದು ಆಡಿಸುವ ಗೇಮ್‌ಪ್ಯಾಡ್‌ನ ಎಡ ಸ್ಟಿಕ್ ಅಣ್ಣ, ಬಲ ಸ್ಟಿಕ್ ತಮ್ಮ. ಭಾರ ಎತ್ತುವುದು, ಚಕ್ರ ತಿರುಗಿಸುವುದು ಅಣ್ಣ. ಸರಳಿನ ಸಂದಿನಲ್ಲಿ ನುಸುಳುವುದು ತಮ್ಮ. ತಾಯಿ ನೀರಿನಲ್ಲಿ ಮುಳುಗಿ ಸತ್ತದ್ದನ್ನು ಕಂಡ ತಮ್ಮನಿಗೆ ನೀರೆಂದರೆ ಭಯ, ಹೊಳೆ ಬಂದಾಗ ಅಣ್ಣನ ಬೆನ್ನು ಹಿಡಿದೇ ದಾಟಬೇಕು. ನೀವು ಎಡಗೈಯಲ್ಲಿ ಈಜುತ್ತೀರಿ, ಬಲಗೈಯಲ್ಲಿ ಬಿಗಿಯಾಗಿ ಹಿಡಿದಿರುತ್ತೀರಿ. ಈ ರೂಢಿಯನ್ನು ಗೇಮ್ ಮುಂದೆ ಏನು ಮಾಡುತ್ತದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಬೇರೆಲ್ಲೂ ಓದಬೇಡಿ.

ಗೇಮ್‌ಪ್ಯಾಡ್ ಇಲ್ಲದೆ ಇದನ್ನು ಕೊಳ್ಳಬೇಡಿ. ಕೀಬೋರ್ಡ್‌ನಲ್ಲಿ ಎರಡು ಕೈಗಳ ಆ ಭಾವನೆಯೇ ಹೋಗುತ್ತದೆ. ಮೊದಲ ಅರ್ಧ ಗಂಟೆ ಎಲ್ಲರೂ ತಡವರಿಸುತ್ತಾರೆ. ಕಾರಣ ಸರಳ: ಎಡಗೈಯ ಅಣ್ಣ ಪರದೆಯ ಬಲಭಾಗಕ್ಕೆ ಹೋದ ಕೂಡಲೇ ಮೆದುಳು ಕಲಸಿಹೋಗುತ್ತದೆ. ಆದಷ್ಟೂ ಅಣ್ಣನನ್ನು ಎಡಕ್ಕೇ ಇಟ್ಟುಕೊಂಡು ನಡೆಸಿ. ನಂತರ ಬಂದ ಕೆಲವು ಆವೃತ್ತಿಗಳಲ್ಲಿ ಇಬ್ಬರು ಕೂತು ಒಬ್ಬೊಬ್ಬರು ಒಬ್ಬನನ್ನು ಆಡಿಸುವ ಅವಕಾಶ ಇದೆ. ಮೊದಲ ಸಲಕ್ಕೆ ಅದು ಬೇಡವೇ ಬೇಡ, ಇಡೀ ಗೇಮ್‌ನ ಗುಟ್ಟು ಒಬ್ಬರ ಎರಡು ಕೈಯಲ್ಲಿದೆ. ಹಳೆಯ ಯಂತ್ರದವರು 2013ರ ಮೂಲವನ್ನೇ ಕೊಳ್ಳಿ. 2024ರ ಮರುನಿರ್ಮಾಣ ಕಣ್ಣಿಗೆ ಚೆಂದ, ಗ್ರಾಫಿಕ್ಸ್ ಕಾರ್ಡ್‌ಗೆ ಭಾರ. ಮೂರು-ನಾಲ್ಕು ಗಂಟೆಯಲ್ಲಿ ಮುಗಿಯುತ್ತದೆ. ಹೈಸ್ಕೂಲಿನ ಮಕ್ಕಳ ಜೊತೆ ಆಡಬಹುದು, ಆದರೆ ಹೆಣ, ರಕ್ತ, ಸಾವು ಇದೆ, ಪುಟ್ಟ ಮಕ್ಕಳಿಗಲ್ಲ.

ಇದೇ ಯಂತ್ರಕ್ಕೆ ಮೂರನೆಯದು ‘ಲೈಫ್ ಈಸ್ ಸ್ಟ್ರೇಂಜ್’ (2015). ಐದು ಕಂತು, ಮೊದಲನೆಯದು ಕಂಪ್ಯೂಟರ್ ಗೇಮ್ ಮಾರುವ ಜಾಲತಾಣ ಸ್ಟೀಮ್‌ನಲ್ಲಿ ಉಚಿತ. ಕೈಯಿಂದ ಕಾಸು ಬಿಚ್ಚದೆ ನೋಡಬೇಕೆನ್ನುವವರಿಗೆ ಇದಕ್ಕಿಂತ ಸುಲಭ ದಾರಿಯಿಲ್ಲ. ಐದು ವರ್ಷ ಪತ್ರವಿಲ್ಲ ಫೋನಿಲ್ಲ, ಈಗ ಮತ್ತೆ ಸಿಕ್ಕ ಇಬ್ಬರು ಗೆಳತಿಯರು ಮ್ಯಾಕ್ಸ್ ಮತ್ತು ಕ್ಲೋಯಿ. ಅವರ ಹುಸಿಮುನಿಸು, ನಿಜ ಮುನಿಸು ಎರಡೂ ನಂಬುವಂತಿವೆ. ಹದಿಹರೆಯದವರ ಬಾಯಿಗೆ ಹಾಕಿರುವ ಆಡುಭಾಷೆ ಮಾತ್ರ ಆಗಲೇ ಹಳತೆನಿಸುತ್ತಿತ್ತು. ಮ್ಯಾಕ್ಸ್‌ಗೆ ಕಾಲ ಹಿಂದಕ್ಕೆ ಸರಿಸುವ ಶಕ್ತಿ ಇದೆ, ಅಂದರೆ ಬಾಯಿ ತಪ್ಪಿ ಆಡಿದ ಮಾತನ್ನು ವಾಪಸು ತೆಗೆದುಕೊಳ್ಳಬಹುದು. ಎರಡನೇ ಕಂತಿನ ಕೊನೆಗೆ ಒಬ್ಬ ಸಹಪಾಠಿಯ ಜೀವ ತೂಗಾಡುವ ಹೊತ್ತಿನಲ್ಲಿ ಆ ಶಕ್ತಿ ಕೈಕೊಡುತ್ತದೆ. ಆಗ ಸಹಾಯಕ್ಕೆ ಬರುವುದು ಮುಂಚೆ ಅವಳ ಕೋಣೆಯಲ್ಲಿ ನೀವು ಗಮನವಿಟ್ಟು ನೋಡಿದ್ದ ವಿಷಯಗಳಷ್ಟೇ. ಗಮನಿಸಿರಲಿಲ್ಲವೋ, ಗೊತ್ತಿಲ್ಲ. ನೆನಪು ಗೇಮ್‌ಗೆ ಇದೆಯೇ ಎಂದು ನಾವು ಕೇಳುತ್ತಿದ್ದರೆ ಅದು ನಮ್ಮನ್ನೇ ತಿರುಗಿ ಕೇಳುತ್ತದೆ. ಆತ್ಮಹತ್ಯೆ, ದೌರ್ಜನ್ಯದ ವಿಷಯಗಳಿವೆ. ಮನಸ್ಸು ಸರಿಯಿಲ್ಲದ ದಿನಗಳಲ್ಲಿ ಬೇಡ.

ಒಂದೇ ಸಂಜೆ ಇದೆ ಎನ್ನುವವರಿಗೆ ‘ವೆಂಬಾ’ (2023). 1980ರ ದಶಕದ ಕೊನೆಗೆ ಕೆನಡಾಕ್ಕೆ ಹೋದ ತಮಿಳು ದಂಪತಿ, ಅಲ್ಲೇ ಹುಟ್ಟಿ ಬೆಳೆದ ಮಗ, ನಡುವೆ ಅಡುಗೆಮನೆ. ಅಮ್ಮನ ಅಡುಗೆ ಪುಸ್ತಕ ಹರಿದಿದೆ. ಇಡ್ಲಿ ತಟ್ಟೆಗಳನ್ನು ಯಾವ ಕ್ರಮದಲ್ಲಿ ಜೋಡಿಸಿದರೆ ಹಬೆ ಸರಿಯಾಗಿ ಏರುತ್ತದೆ ಎಂಬುದೇ ಮೊದಲ ಒಗಟು. ನಮ್ಮ ಮನೆಗಳಲ್ಲಿ ಒಗಟು ಬಿಡಿಸಲು ಅರ್ಧ ನಿಮಿಷ ಸಾಕು. ಒಂದೂವರೆ ಗಂಟೆಯಲ್ಲಿ ಮುಗಿಯುವುದರಿಂದ ಪೂರ್ತಿ ಬೆಲೆ ಕೊಡಲು ಕೈ ಹಿಂಜರಿಯುತ್ತದೆ, ರಿಯಾಯಿತಿಗೆ ಕಾಯಿರಿ. ಹೊರದೇಶದಲ್ಲಿದ್ದು ಮಕ್ಕಳ ಜೊತೆ ಕನ್ನಡದಲ್ಲಿ ಮಾತು ಶುರು ಮಾಡಿ ಇಂಗ್ಲಿಷಿನಲ್ಲಿ ಮುಗಿಸುವವರು ಬೇಕಾದರೆ ಕಾಯದೆಯೂ ಕೊಳ್ಳಬಹುದು.

ಇಪ್ಪತ್ತು ಗಂಟೆ, ಒಂದೇ ದಾರಿ

ಆಯ್ಕೆಗಳ ತಲೆನೋವು ಬೇಡ, ಒಳ್ಳೆಯ ಕಥೆ ನಡೆಸಿಕೊಂಡು ಹೋಗಲಿ ಎನ್ನುವವರ ಮುಂದೆ ಸಾಮಾನ್ಯವಾಗಿ ಇರುವುದು ‘ದಿ ಲಾಸ್ಟ್ ಆಫ್ ಅಸ್ ಪಾರ್ಟ್ 1’ (2013ರ ಗೇಮ್‌ನ ಮರುನಿರ್ಮಾಣ) ಮತ್ತು 2018ರ ‘ಗಾಡ್ ಆಫ್ ವಾರ್’. ಎರಡರಲ್ಲೂ ಒರಟು ಗಂಡಸು, ಜೊತೆಗೊಂದು ಮಗು.

ರೂಢಿ ಕಟ್ಟುವುದರಲ್ಲಿ ಮೊದಲನೆಯದಕ್ಕೆ ಸಾಟಿ ಕಡಿಮೆ. ಏಣಿಯ ವಿಷಯ ಮೇಲೆ ಬಂತು. ಅದರ ಜೊತೆಗೆ ದಾರಿಯುದ್ದಕ್ಕೂ ಬೇಕಾದರೆ ಮಾತ್ರ ಆಡುವ ಮಾತುಗಳಿವೆ: ಎಲೀಯ ಹತ್ತಿರ ನಿಂತಾಗ ತಲೆಯ ಮೇಲೆ ಗುರುತು ಕಾಣುತ್ತದೆ, ಆಗ ಒತ್ತಬೇಕು. ಬೇಗ ಬೇಗ ಮುಂದೆ ಹೋದರೆ ಗುರುತೂ ಹೋಗುತ್ತದೆ, ಮಾತೂ ಹೋಗುತ್ತದೆ. ಕಾಳಗ ಮುಗಿದ ಮೇಲೆ ಕಪಾಟು ತಡಕುವ ಮುನ್ನ ಹತ್ತು ಸೆಕೆಂಡು ಅವಳ ಪಕ್ಕ ನಿಲ್ಲುವ ಅಭ್ಯಾಸ ಮಾಡಿಕೊಳ್ಳಿ. ನಂಬಿಕೆ ಒಡೆಯುವ ಜಾಗವೂ ಇದೆ: ನೀವು ಉಸಿರು ಬಿಗಿಹಿಡಿದು ಅಡಗಿದ್ದಾಗ ಎಲೀ ಶತ್ರುವಿನ ಮೂಗಿನ ಮುಂದೆಯೇ ಓಡಾಡಿದರೂ ಅವನಿಗೆ ಕಾಣುವುದಿಲ್ಲ. 2013ರ ಮೂಲದಲ್ಲಿ ಇದು ನಗೆಪಾಟಲಿನ ಮಟ್ಟದಲ್ಲಿತ್ತು. ಇನ್ನೊಂದು ಮಾತು: ಇಲ್ಲಿ ನಿಮ್ಮ ಅಭಿಪ್ರಾಯಕ್ಕೆ ಬೆಲೆಯಿಲ್ಲ. ಕೊನೆಯಲ್ಲಿ ಜೋಯೆಲ್ ಮಾಡುವುದು ನಿಮಗೆ ಒಪ್ಪಿಗೆಯಾಗದಿದ್ದರೂ ಗುಂಡಿ ಒತ್ತಬೇಕಾದವರು ನೀವೇ. ಅದು ದೋಷವಲ್ಲ, ಉದ್ದೇಶ. ಆದರೆ ಸಹಿಸದವರು ಇದ್ದಾರೆ.

‘ಗಾಡ್ ಆಫ್ ವಾರ್’ನ ತಂದೆ ಕ್ರೇಟೋಸ್ ಮಗನನ್ನು ಹೆಸರು ಹಿಡಿದು ಕರೆಯುವುದೇ ಅಪರೂಪ, ಎಲ್ಲಕ್ಕೂ ‘ಬಾಯ್’. ಇಬ್ಬರೂ ದೋಣಿಯಲ್ಲಿ ಹೋಗುವಾಗ ಮಗ ಕಥೆ ಕೇಳುತ್ತಾನೆ. ಅಪ್ಪ ಆಮೆ-ಮೊಲದ ಕಥೆಯನ್ನು ಪೊಲೀಸ್ ವರದಿ ಓದಿದ ಹಾಗೆ ಒಪ್ಪಿಸುತ್ತಾನೆ. ನಡುವೆ ನೀವು ದೋಣಿ ದಡಕ್ಕೆ ಹಚ್ಚಿದರೆ ಕಥೆ ಅಲ್ಲಿಗೇ ನಿಲ್ಲುತ್ತದೆ, ಮತ್ತೆ ಹತ್ತಿದಾಗ ಬಿಟ್ಟಲ್ಲಿಂದ ಮುಂದುವರಿಯುತ್ತದೆ. ಬಿಡುವು ಎಂದು ಮೇಲೆ ಹೇಳಿದ್ದು ಇದಕ್ಕೇ. ಕಥೆ ಮುಗಿಯುವವರೆಗೆ ನೀರಿನ ಮೇಲೆ ಸುಮ್ಮನೆ ಸುತ್ತು ಹೊಡೆಯಿರಿ. ಇದರ ತೊಂದರೆ ಎಂದರೆ ನಡುನಡುವೆ ಕಾಳಗ ಬಹಳ; ಕೊಡಲಿ ಬೀಸುವುದರಲ್ಲಿ ಆಸಕ್ತಿಯೇ ಇಲ್ಲದವರು ಕಷ್ಟದ ಮಟ್ಟವನ್ನು ಅತಿ ಸುಲಭಕ್ಕೆ ಇಟ್ಟುಕೊಂಡರೆ ಅಪ್ಪ-ಮಗನ ಭಾಗ ಕೆಡುವುದಿಲ್ಲ.

ಯಂತ್ರದ ಲೆಕ್ಕ ಇಲ್ಲಿ ತೀರ್ಪು ಕೊಡುತ್ತದೆ. ‘ಗಾಡ್ ಆಫ್ ವಾರ್’ ಪಿಸಿಯಲ್ಲಿ ಸುಮಾರು 70 ಜಿಬಿ, 8 ಜಿಬಿ ರ‍್ಯಾಮ್, ಜಿಟಿಎಕ್ಸ್ 960 ದರ್ಜೆಯ ಗ್ರಾಫಿಕ್ಸ್ ಕಾರ್ಡ್‌ನಲ್ಲೂ ಓಡುತ್ತದೆ. ‘ಪಾರ್ಟ್ 1’ಕ್ಕೆ 100 ಜಿಬಿ, 16 ಜಿಬಿ ರ‍್ಯಾಮ್, ಎಸ್‌ಎಸ್‌ಡಿ (ಹಾರ್ಡ್ ಡಿಸ್ಕ್‌ಗಿಂತ ವೇಗದ ಡಿಸ್ಕ್). 2023ರ ಮಾರ್ಚ್‌ನಲ್ಲಿ ಪಿಸಿಗೆ ಬಂದಾಗ ಅದು ಎಡವಿ ಬಿದ್ದಿತ್ತು, ಪ್ಯಾಚ್‌ಗಳು ಬಂದ ಮೇಲೆ ಸುಧಾರಿಸಿದೆ. ಆದರೂ 4 ಜಿಬಿ ಮೆಮೊರಿಯ ಕಾರ್ಡ್ ಇದ್ದರೆ ಮೊದಲು ‘ಗಾಡ್ ಆಫ್ ವಾರ್’ ಆಡಿ. ಪಿಎಸ್4 (ಪ್ಲೇಸ್ಟೇಷನ್ 4) ಇರುವವರಿಗೆ ‘ದಿ ಲಾಸ್ಟ್ ಆಫ್ ಅಸ್’ನ 2014ರ ಹಳೆಯ ರೀಮಾಸ್ಟರ್ ಸಾಕು. ಪಿಎಸ್5ರ ಮರುನಿರ್ಮಾಣದಲ್ಲಿ ಮುಖಭಾವ ಸೂಕ್ಷ್ಮವಾಗಿದೆ, ಕಥೆ ಒಂದೇ.

ಓದುವವರಿಗೆ

‘ಡಿಸ್ಕೋ ಎಲಿಸಿಯಂ’ (2019) ಬಗ್ಗೆ ಪಕ್ಷಪಾತ ಮುಚ್ಚಿಡುವುದು ಕಷ್ಟ. ಈ ಬರಹದಲ್ಲಿರುವ ಜೊತೆಗಾರರಲ್ಲಿ ಅತ್ಯಂತ ನಂಬಲರ್ಹನಾದವನು ಇದರ ಕಿಮ್ ಕಿತ್ಸುರಾಗಿ. ನೀವು ಕುಡಿದು ಕುಡಿದು ಸ್ವಂತ ಹೆಸರೂ ಮರೆತ ಪತ್ತೇದಾರ. ಅವನು ಬೇರೆ ಠಾಣೆಯಿಂದ ಬಂದ ಜೊತೆ ಅಧಿಕಾರಿ. ನಿಮ್ಮ ಹುಚ್ಚಾಟಕ್ಕೆ ಅವನು ಕಿರುಚುವುದಿಲ್ಲ, ಉಪದೇಶ ಮಾಡುವುದಿಲ್ಲ. ಕನ್ನಡಕ ಸರಿಮಾಡಿಕೊಂಡು ಪುಸ್ತಕದಲ್ಲಿ ಏನೋ ಗುರುತು ಹಾಕಿಕೊಳ್ಳುತ್ತಾನೆ. ದಿನಕ್ಕೆ ಒಂದೇ ಸಿಗರೇಟು, ಅದೂ ದಿನದ ಕೊನೆಗೆ. ಅವನಿಗೆ ನಿಮ್ಮ ಮೇಲೆ ಎಷ್ಟು ವಿಶ್ವಾಸ ಹುಟ್ಟಿದೆ ಎಂಬುದನ್ನು ಗೇಮ್ ಒಳಗೊಳಗೇ ಲೆಕ್ಕ ಇಡುತ್ತದೆ, ಪರದೆಯ ಮೇಲೆ ಅಂಕಪಟ್ಟಿ ತೋರಿಸುವುದಿಲ್ಲ. ಮೀಟರ್ ಕಾಣದಿದ್ದಾಗ ಆಡುವವರು ಏನು ಮಾಡುತ್ತಾರೆ? ಮುಖ ನೋಡುತ್ತಾರೆ. ನಿಜ ಜೀವನದಲ್ಲೂ ನಮಗಿರುವುದು ಅಷ್ಟೇ. ಅವನ ಬಾಯಿಂದ ಒಣ ತಮಾಷೆಯೊಂದು ಬಂದರೆ ಬಹುಮಾನ ಸಿಕ್ಕಷ್ಟು ಹಿಗ್ಗಾಗುವುದು ಅದಕ್ಕೇ.

ತೊಡಕು ಭಾಷೆಯದು. ಹತ್ತು ಲಕ್ಷಕ್ಕೂ ಹೆಚ್ಚು ಪದಗಳಿವೆ, ಆ ಇಂಗ್ಲಿಷ್ ರಾಜಕೀಯ ಸಿದ್ಧಾಂತದಿಂದ ಬೈಗುಳದವರೆಗೆ ಎಲ್ಲ ಮಜಲಿನದು. ಇಂಗ್ಲಿಷ್ ಕಾದಂಬರಿ ನಿಘಂಟಿಲ್ಲದೆ ಓದುವ ರೂಢಿ ಇಲ್ಲದಿದ್ದರೆ ಇದು ಶಿಕ್ಷೆ. 2021ರ ‘ಫೈನಲ್ ಕಟ್’ನಲ್ಲಿ ಎಲ್ಲ ಮಾತಿಗೂ ದನಿ ಇದೆ, ಈಗ ಮಾರಾಟಕ್ಕಿರುವುದು ಅದೇ, ಓದುವ ಭಾರ ಸ್ವಲ್ಪ ಇಳಿಯುತ್ತದೆ. ಯಂತ್ರದ ಬೇಡಿಕೆ ಕಡಿಮೆ, 20 ಜಿಬಿ ಜಾಗ. ಕಾಳಗವೇ ಇಲ್ಲ, ಎಲ್ಲವೂ ಮಾತು ಮತ್ತು ದಾಳ (ನಿಮ್ಮ ಯತ್ನ ಫಲಿಸಿತೇ ಎಂದು ಗೇಮ್ ದಾಳ ಉರುಳಿಸಿ ತೀರ್ಮಾನಿಸುತ್ತದೆ). ಇಪ್ಪತ್ತೈದು-ಮೂವತ್ತು ಗಂಟೆ.

ಶುರುವಿನಲ್ಲಿ ನಾಲ್ಕು ಗುಣಗಳಿಗೆ ಅಂಕ ಹಂಚುವಾಗ ದೇಹಬಲವನ್ನು 1ಕ್ಕೆ ಇಳಿಸಬೇಡಿ. ಹಾಗೆ ಮಾಡಿದವರು ಹೋಟೆಲ್ ಕೋಣೆಯ ದೀಪ ಹಾಕಿ, ಆ ಬೆಳಕು ಕಣ್ಣಿಗೆ ಚುಚ್ಚಿ, ಎದೆ ಹಿಡಿದುಕೊಂಡು ಸತ್ತಿದ್ದಾರೆ; ಕಿಮ್ ಇನ್ನೂ ಪರಿಚಯವೇ ಆಗಿರುವುದಿಲ್ಲ. ಇನ್ನೊಂದು: ಪ್ರತಿ ಸಲವೂ ಅತಿ ತಮಾಷೆಯ ಉತ್ತರವನ್ನೇ ಆರಿಸುವ ಆಸೆ ಬರುತ್ತದೆ. ಆಸೆ ಸಹಜ, ಕಿಮ್ ನೋಡುತ್ತಿದ್ದಾನೆ.

ತಿಂಗಳುಗಟ್ಟಲೆ ಜೊತೆಗಿರಲು

ದೊಡ್ಡ ಯಂತ್ರ, ದೊಡ್ಡ ರಜೆ ಇರುವವರ ಪ್ರಶ್ನೆ ‘ರೆಡ್ ಡೆಡ್ 2’ (2018) ಅಥವಾ ‘ಬಾಲ್ಡರ್ಸ್ ಗೇಟ್ 3’ (2023). ಎರಡಕ್ಕೂ 150 ಜಿಬಿ ಜಾಗ ಬೇಕು. ದಿನಕ್ಕೆ 2 ಜಿಬಿ ಕೊಡುವ ಮೊಬೈಲ್ ಹಾಟ್‌ಸ್ಪಾಟ್ ನಂಬಿಕೊಂಡರೆ ಒಂದನ್ನು ಇಳಿಸಲು ಎಪ್ಪತ್ತೈದು ದಿನ. 512 ಜಿಬಿ ಎಸ್‌ಎಸ್‌ಡಿಯಲ್ಲಿ ಎರಡನ್ನೂ ಒಟ್ಟಿಗೆ ಇಟ್ಟರೆ ಬೇರೆ ಯಾವುದಕ್ಕೂ ಹೆಚ್ಚು ಜಾಗ ಉಳಿಯುವುದಿಲ್ಲ. ‘ಬಾಲ್ಡರ್ಸ್ ಗೇಟ್’ಗೆ ಎಸ್‌ಎಸ್‌ಡಿ ಕಡ್ಡಾಯವೆಂದೇ ತಿಳಿಯಿರಿ, ಹಾರ್ಡ್ ಡಿಸ್ಕ್‌ನಲ್ಲಿ ಪ್ರತಿ ಸಲ ಕಾಯುವುದು ಒಂದು ಲೋಟ ಕಾಫಿಯ ಕೆಲಸ.

‘ರೆಡ್ ಡೆಡ್ 2’ 1899ರ ಅಮೆರಿಕದ ಒಂದು ದರೋಡೆಕೋರರ ಗುಂಪಿನ ಕಥೆ. ಗುಂಪು ಎಂದರೆ ಇಪ್ಪತ್ತು ಜನರ ಕೂಡುಕುಟುಂಬ: ಯಜಮಾನ ಡಚ್, ಅವನ ಮಾತನ್ನು ಹುಡುಗನಾಗಿದ್ದಾಗಿಂದ ನಂಬಿಕೊಂಡು ಬಂದ ಆರ್ಥರ್ ಮಾರ್ಗನ್, ಮಾತಿನ ಮಲ್ಲ ಹೋಸಿಯಾ, ಒಬ್ಬ ಪುಟ್ಟ ಹುಡುಗ, ಕುಡುಕರು, ಸಾಲ ವಸೂಲಿಯವನು. ಯಾವ ಕೆಲಸವೂ ಇಲ್ಲದೆ ಬಿಡಾರದಲ್ಲಿ ಅಡ್ಡಾಡಿದರೆ ಅವರ ಜಗಳ, ಹಾಡು, ಚಾಡಿ ಎಲ್ಲ ಕಿವಿಗೆ ಬೀಳುತ್ತದೆ. ಆರ್ಥರ್ ಹೋಗಿ ಬೆಂಕಿಯ ಪಕ್ಕ ಕೂರಬಹುದು. ಬಹಳ ದಿನ ಬಾರದಿದ್ದರೆ ಎಲ್ಲಿ ಹೋಗಿದ್ದೆ ಎಂದು ಕೇಳುತ್ತಾರೆ. ಬಿಡುವು ಎಂಬ ಅಳತೆಗೋಲಿನಲ್ಲಿ ಇದನ್ನು ಮೀರಿಸಿದ್ದು ಇಲ್ಲ. ಸ್ವಂತ ಇಚ್ಛೆಯ ವಿಷಯದಲ್ಲೂ ಅಷ್ಟೇ: ನೀವು ಎಷ್ಟೇ ಒಳ್ಳೆಯವರಾಗಿ ಆಡಿದರೂ ಡಚ್ ತನ್ನ ದಾರಿ ಹಿಡಿಯುತ್ತಾನೆ.

ಕೆಡುವುದು ಎಲ್ಲಿ? ನಕಾಶೆಯಲ್ಲಿ ಹಳದಿ ಗುರುತು ಕಂಡಲ್ಲೆಲ್ಲ ಓಡುವುದರಲ್ಲಿ. ಎರಡು ಮತ್ತು ಮೂರನೇ ಅಧ್ಯಾಯಗಳು ಈ ಕುಟುಂಬದ ಒಳ್ಳೆಯ ದಿನಗಳು. ಅಲ್ಲಿ ನಿಧಾನಿಸಿ, ಮೀನು ಹಿಡಿಯಲು ಕರೆದರೆ ಹೋಗಿ, ಪ್ರತಿ ಕೆಲಸದ ನಂತರ ಒಂದು ರಾತ್ರಿ ಬಿಡಾರಕ್ಕೆ ಬನ್ನಿ, ಆರ್ಥರ್‌ನ ದಿನಚರಿ ತೆರೆದು ಓದಿ. ಬಾಯಲ್ಲಿ ಆಡದ್ದನ್ನೆಲ್ಲ ಅವನು ಅದರಲ್ಲಿ ಬರೆಯುತ್ತಾನೆ. ನಾಲ್ಕನೇ ಅಧ್ಯಾಯದಿಂದ ಹವೆ ಬದಲಾಗುತ್ತದೆ. ಆ ಹೊತ್ತಿಗೆ ರೂಢಿ ಬೆಳೆದಿರದಿದ್ದರೆ ಕಳೆದುಕೊಳ್ಳಲು ನಿಮ್ಮ ಬಳಿ ಏನೂ ಇರುವುದಿಲ್ಲ. ಕೆಲವರಿಗೆ ಮನುಷ್ಯರಿಗಿಂತ ಕುದುರೆಯೇ ಹೆಚ್ಚು ಹತ್ತಿರವಾಗುತ್ತದೆ. ಮೈ ಉಜ್ಜಿ, ತಿನ್ನಿಸಿ, ಹೆದರಿದಾಗ ಸಮಾಧಾನ ಮಾಡಿ ನಾಲ್ಕು ಮಟ್ಟದಲ್ಲಿ ನಂಟು ಬೆಳೆಸಬೇಕು; ದಿನವೂ ಕೈ ಮಾಡುವ ಕೆಲಸವಾದ್ದರಿಂದ ಆಶ್ಚರ್ಯವೇನಿಲ್ಲ.

ಇಲ್ಲೊಂದು ಊರಿನ ವಿಷಯ: 1997ರಲ್ಲಿ ಶುರುವಾದ ಬೆಂಗಳೂರಿನ ಗೇಮ್ ಕಂಪನಿ ಧ್ರುವ ಇಂಟರಾಕ್ಟಿವ್ ಕೆಲವು ವರ್ಷ ‘ಬ್ರದರ್ಸ್’ ಮಾಡಿದ ಸ್ವೀಡನ್ನಿನ ಸ್ಟಾರ್‌ಬ್ರೀಜ್ ಕೈಯಲ್ಲಿತ್ತು, 2019ರಲ್ಲಿ ಅದನ್ನು ಕೊಂಡದ್ದು ‘ರೆಡ್ ಡೆಡ್’ ಮಾಡಿದ ರಾಕ್‌ಸ್ಟಾರ್.

‘ಬಾಲ್ಡರ್ಸ್ ಗೇಟ್ 3’ ಬೇರೆ ಜಾತಿಯದು. ಇಲ್ಲಿ ನೀವು ಯಾರು, ಯಾರ ಜೊತೆ ಸ್ನೇಹ, ಯಾರ ಜೊತೆ ಪ್ರೇಮ, ಯಾರ ಕುತ್ತಿಗೆ ಕತ್ತರಿಸುವುದು ಎಲ್ಲ ನಿಮ್ಮ ಕೈಯಲ್ಲಿ. ಶ್ಯಾಡೋಹಾರ್ಟ್ ಮತ್ತು ಲೇಝೆಲ್ ಎಂಬ ಇಬ್ಬರು ಜೊತೆಗಾರ್ತಿಯರು ಒಬ್ಬರನ್ನೊಬ್ಬರು ಹೊತ್ತಿಸಿ ಸುಡುವಷ್ಟು ದ್ವೇಷಿಸುತ್ತಾರೆ. ನೀವು ಪಂಚಾಯಿತಿ ಮಾಡಬೇಕು, ಮಾಡಿದ್ದು ನೆನಪಿರುತ್ತದೆ. ಮಾಡಬಾರದ್ದನ್ನು ಮಾಡಿದರೆ ಜೊತೆಗಾರರು ಗಂಟುಮೂಟೆ ಕಟ್ಟುತ್ತಾರೆ. ನೆನಪು, ಇಷ್ಟಾನಿಷ್ಟ ಎರಡರಲ್ಲೂ ಪೂರ್ಣ ಅಂಕ. ಆದರೆ ನೀವು ಬಾಯಿ ತೆರೆದಾಗಲೆಲ್ಲ ಪರದೆಯ ಮೂಲೆಯಲ್ಲಿ ಇಂಥವರು ಮೆಚ್ಚಿದರು, ಇಂಥವರು ಮೆಚ್ಚಲಿಲ್ಲ ಎಂದು ಬರುತ್ತದೆ. ಕಿಮ್‌ನ ಮುಖ ನೋಡಿ ಊಹಿಸಿದ ಸುಖ ಇಲ್ಲಿಲ್ಲ, ರಿಸಲ್ಟ್ ಕೂಡಲೇ ಗೋಡೆಗೆ ಅಂಟಿಸುತ್ತಾರೆ. ಬಿಡುಗಡೆಯ ಹೊತ್ತಿಗೆ ಈ ಮೆಚ್ಚುಗೆಯ ಮಿತಿಗಳು ತಪ್ಪಾಗಿ ಕೆಳಗಿದ್ದವು. ಎರಡು ದಿನದ ಪರಿಚಯಕ್ಕೇ ಎಲ್ಲರೂ ಪ್ರೇಮಕ್ಕೆ ಬೀಳುತ್ತಿದ್ದರು. ಆಮೇಲೆ ಸರಿಪಡಿಸಿದರು, ಆದರೂ ಆ ಅವಸರದ ವಾಸನೆ ಅಲ್ಲಲ್ಲಿ ಇದೆ.

ಬಹಳ ಮಂದಿ ಎಡವುವುದು ರಾತ್ರಿಯ ವಿಶ್ರಾಂತಿಯಲ್ಲಿ. ಆಹಾರ ಖರ್ಚಾಗುತ್ತದೆ (ಸಾಮಾನ್ಯ ಮಟ್ಟದಲ್ಲಿ ಒಂದು ಪೂರ್ಣ ವಿಶ್ರಾಂತಿಗೆ 40 ಯೂನಿಟ್), ಕಥೆಯಲ್ಲಿ ತಲೆಯೊಳಗೊಂದು ಹುಳ ಬೇರೆ ಅವಸರ ಮಾಡುತ್ತಿದೆ ಎಂದು ಮಲಗುವುದನ್ನೇ ಕಡಿಮೆ ಮಾಡುತ್ತಾರೆ. ಜೊತೆಗಾರರ ಮನಸ್ಸಿನ ಮಾತೆಲ್ಲ ಬರುವುದು ಬಿಡಾರದಲ್ಲಿ ಮಲಗುವ ಹೊತ್ತಿಗೆ. ಮಲಗದಿದ್ದರೆ ದೃಶ್ಯಗಳು ಸಾಲುಗಟ್ಟಿ ಕೆಲವು ತಪ್ಪಿಯೇ ಹೋಗುತ್ತವೆ. ಪ್ರತಿ ದೊಡ್ಡ ಕಾಳಗದ ನಂತರ ಮಲಗಿ, ತಲೆಯ ಮೇಲೆ ಆಶ್ಚರ್ಯಸೂಚಕ ಇರುವವರನ್ನೆಲ್ಲ ಮಾತಾಡಿಸಿ. ಎರಡನೆಯದು, ಎಫ್5 ಒತ್ತಿದರೆ ಆಟ ಸೇವ್, ಎಫ್8 ಒತ್ತಿದರೆ ಸೇವ್ ಮಾಡಿದಲ್ಲಿಗೆ ವಾಪಸು. ದಾಳ ಕೈಕೊಟ್ಟಾಗ ಬೇಕಾದರೆ ಬಳಸಿ, ಯಾರಾದರೂ ಮುನಿಸಿಕೊಂಡರೆಂದು ಬಳಸಬೇಡಿ. ಮುನಿಸಿಗೆ ಅವಕಾಶವಿಲ್ಲದ ಸ್ನೇಹ ಹುಂಡಿಗೇ ವಾಪಸು.

ನಡುಮನೆಯಲ್ಲಿ ಆಡುವವರಿಗೆ: ನಗ್ನತೆ ಮುಚ್ಚುವ ಆಯ್ಕೆ ಸೆಟ್ಟಿಂಗ್‌ನಲ್ಲಿದೆ, ಪ್ರೇಮದ ದೃಶ್ಯಗಳು ಆದರೂ ಇರುತ್ತವೆ. ‘ರೆಡ್ ಡೆಡ್’ನಲ್ಲಿ ಹಿಂಸೆ ಹೆಚ್ಚು. ಎರಡೂ 18 ದಾಟಿದವರಿಗೆ. ವಾರಕ್ಕೆ ಐದು ಗಂಟೆ ಮಾತ್ರ ಸಿಗುವವರು ‘ರೆಡ್ ಡೆಡ್’ ಆರಿಸಿ; ಐವತ್ತು ಗಂಟೆಯ ಕಥೆ, ನಡುವೆ ಎರಡು ವಾರ ಬಿಟ್ಟರೂ ಎಳೆ ಸಿಗುತ್ತದೆ. ‘ಬಾಲ್ಡರ್ಸ್ ಗೇಟ್’ನಲ್ಲಿ ಎರಡು ವಾರ ಬಿಟ್ಟರೆ ಯಾರಿಗೆ ಏನು ಮಾತು ಕೊಟ್ಟಿದ್ದೆ ಎಂಬುದೇ ಮರೆತಿರುತ್ತದೆ.

ಮನೆಯಲ್ಲಿ ಇಬ್ಬರಿದ್ದರೆ

‘ಇಟ್ ಟೇಕ್ಸ್ ಟೂ’ (2021) ಒಬ್ಬರೇ ಆಡಲು ಬರುವುದೇ ಇಲ್ಲ. ವಿಚ್ಛೇದನಕ್ಕೆ ಸಿದ್ಧರಾದ ದಂಪತಿ ಗೊಂಬೆಗಳಾಗಿ ಮನೆಯಲ್ಲಿ ಸಿಕ್ಕಿಕೊಂಡ ಕಥೆ. ನಿರ್ದೇಶಕ ‘ಬ್ರದರ್ಸ್’ ಮಾಡಿದ ಯೋಸೆಫ್ ಫಾರೆಸ್. ನಿಜ ಹೇಳಬೇಕೆಂದರೆ ಆ ಗಂಡ-ಹೆಂಡಿರು ಮತ್ತೆ ಒಂದಾಗುವ ಬಗೆ ನಂಬುವಂತಿಲ್ಲ, ಮಗಳಿಗೆ ಅಳು ಬರಿಸಲೆಂದು ಒಂದು ಆಟಿಕೆ ಆನೆಗೆ ಅವರು ಮಾಡುವುದನ್ನು ನೋಡಿದರೆ ಇಬ್ಬರ ಮೇಲೂ ಸಿಟ್ಟು ಬರುತ್ತದೆ. ಆದರೆ ಒಬ್ಬರ ಕೈಯಲ್ಲಿ ಮೊಳೆ, ಇನ್ನೊಬ್ಬರ ಕೈಯಲ್ಲಿ ಸುತ್ತಿಗೆ ಕೊಟ್ಟು, ನೀನು ಹೊಡಿ ನಾನು ನೇತಾಡುತ್ತೇನೆ ಎನ್ನುವ ಹಾಗೆ ಮಾಡಿದಾಗ ಸೋಫಾದ ಮೇಲಿನ ಇಬ್ಬರ ನಡುವೆ ನಡೆಯುವುದು ಅಪ್ಪಟ ನಿಜ. ಒಬ್ಬರು ಕೊಂಡರೆ ಸಾಕು, ದೂರದಲ್ಲಿರುವ ಇನ್ನೊಬ್ಬರು ‘ಫ್ರೆಂಡ್ಸ್ ಪಾಸ್’ ಮೂಲಕ ಉಚಿತವಾಗಿ ಸೇರಬಹುದು. ಇಬ್ಬರೂ ಸುಮಾರು 50 ಜಿಬಿ ಇಳಿಸಿಕೊಳ್ಳಬೇಕು, ಒಂದೇ ಬಗೆಯ ಯಂತ್ರದಲ್ಲಿರಬೇಕು. ಪಿಸಿಯವರು ಪ್ಲೇಸ್ಟೇಷನ್‌ನವರ ಜೊತೆ ಕೂಡಲಾರರು. ಹುಬ್ಬಳ್ಳಿಯಲ್ಲೊಬ್ಬರು ಹ್ಯೂಸ್ಟನ್‌ನಲ್ಲೊಬ್ಬರು ಇರುವ ಮನೆಗಳಿಗೆ ಈ ಲೆಕ್ಕ ಗೊತ್ತಿರಲಿ. ಒಂದೇ ಪಿಸಿಯಲ್ಲಾದರೆ ಒಂದಾದರೂ ಗೇಮ್‌ಪ್ಯಾಡ್ ಬೇಕು. ಗೇಮ್‌ಗೆ ಹೊಸಬರಾದವರು ಜಿಗಿಯುವುದನ್ನು ಕಲಿಯಲು ಮೊದಲ ಸಂಜೆ ಪೂರ್ತಿ ತೆಗೆದುಕೊಳ್ಳುತ್ತಾರೆ. ಬಿದ್ದರೆ ಕೂಡಲೇ ಮತ್ತೆ ಹುಟ್ಟುವುದರಿಂದ ಹೆದರಬೇಕಾಗಿಲ್ಲ, ಪಕ್ಕದವರು ಬೈಯದಿದ್ದರೆ ಆಯಿತು.

ದುಡ್ಡು ಕೊಡುವಾಗ

ಸ್ಟೀಮ್‌ನಲ್ಲಿ ಜೂನ್ ಕೊನೆಗೆ ಮತ್ತು ಡಿಸೆಂಬರ್ ಕೊನೆಗೆ ದೊಡ್ಡ ರಿಯಾಯಿತಿ ಬರುತ್ತದೆ. ಹಳೆಯವು, ಅಂದರೆ ‘ಫೈರ್‌ವಾಚ್’, ‘ಬ್ರದರ್ಸ್’, ‘ರೆಡ್ ಡೆಡ್’, ಆಗ ಚೆನ್ನಾಗಿಯೇ ಇಳಿಯುತ್ತವೆ. ವಿಷ್‌ಲಿಸ್ಟ್‌ಗೆ ಹಾಕಿಟ್ಟರೆ ಬೆಲೆ ಇಳಿದಾಗ ಮೇಲ್ ಬರುತ್ತದೆ. ಕೊಂಡು 14 ದಿನದೊಳಗೆ, ಆಡಿದ್ದು 2 ಗಂಟೆಗಿಂತ ಕಡಿಮೆ ಇದ್ದರೆ ಹಣ ವಾಪಸು ಕೇಳಬಹುದು. ಈ ಎರಡು ಗಂಟೆಯನ್ನು ಯಂತ್ರ ಎಳೆಯುತ್ತದೆಯೇ ಎಂದು ನೋಡಲು ಬಳಸಿ, ಕಥೆ ಹಿಡಿಸಿತೇ ಎಂದು ತೀರ್ಮಾನಿಸಲು ಅಲ್ಲ. ‘ಪಾರ್ಟ್ 1’ ಮೊದಲ ಸಲ ತೆರೆದಾಗ ಶೇಡರ್ (ಬೆಳಕು-ಬಣ್ಣ ಮೂಡಿಸುವ ಸಣ್ಣ ಪ್ರೋಗ್ರಾಂ) ಕಟ್ಟುತ್ತಾ ಕೂರುತ್ತದೆ, ಆ ಹೊತ್ತೂ ಗಡಿಯಾರದಲ್ಲಿ ಸೇರುತ್ತದೆ. ‘ಬಾಲ್ಡರ್ಸ್ ಗೇಟ್’ನಲ್ಲಿ ಮೂಗು-ಕೂದಲು ಆರಿಸುವುದಕ್ಕೇ ಒಂದು ಗಂಟೆ ಕಳೆದವರಿದ್ದಾರೆ. ‘ರೆಡ್ ಡೆಡ್’ನ ಮೊದಲ ಅಧ್ಯಾಯವಂತೂ ಮಂಡಿಯುದ್ದ ಹಿಮದಲ್ಲಿ ಕುದುರೆ ಎಳೆಯುವ ಎರಡು ಗಂಟೆ, ಬೇಸರ ಬಂದು ವಾಪಸು ಮಾಡುವವರು ಹಿಮ ಕರಗುವ ಐದು ನಿಮಿಷ ಮುಂಚೆ ಮಾಡಿರುತ್ತಾರೆ.